ಕಾಲಿನ ಹೆಪ್ಪು, ಸಣ್ಣ ನಳಿಕೆ, ಒಂದು ರಾತ್ರಿಯ ಕೆಲಸ

ನಮ್ಮ ಚಿಕ್ಕಮ್ಮ ದಾವಣಗೆರೆಯಲ್ಲಿ ಟೈಲರ್. ಕೊರಳಲ್ಲಿ ಯಾವಾಗಲೂ ಅಳತೆ ಟೇಪು ನೇತಾಡುತ್ತಿರುತ್ತದೆ. ಒಮ್ಮೆ ಮೆಟ್ಟಿಲಲ್ಲಿ ಜಾರಿ ಎಡಗಾಲಿನ ಹರಡಿನ ಹತ್ತಿರ ಮೂಳೆ ಮುರಿದುಕೊಂಡರು. ಐದು ವಾರ ಪ್ಲಾಸ್ಟರ್. ಪ್ಲಾಸ್ಟರ್ ಬಿಚ್ಚಿದ ಮೇಲೆ ಕಾಲು ಸೊರಗಿರಬೇಕು ತಾನೇ? ಇವರದ್ದು ಊದಿಕೊಂಡಿತು. ಮನೆ ಹತ್ತಿರದ ಕ್ಲಿನಿಕ್ಕಿನಲ್ಲಿ "ಪ್ಲಾಸ್ಟರ್ ತೆಗೆದ ಮೇಲೆ ಸ್ವಲ್ಪ ದಿನ ಹಾಗೇ ಇರುತ್ತೆ" ಅಂದು ನೋವಿನ ಮಾತ್ರೆ ಕೊಟ್ಟರು. ಪಕ್ಕದ ಮನೆಯವರು ಕೊಬ್ಬರಿ ಎಣ್ಣೆಗೆ ಬೆಳ್ಳುಳ್ಳಿ ಹಾಕಿ ಕಾಯಿಸಿ ಚೆನ್ನಾಗಿ ತಿಕ್ಕಿ ಅಂದರು. ಎರಡು ದಿನ ತಿಕ್ಕಿದ್ದೂ ಆಯಿತು. ಆಮೇಲೆ ನನಗೆ ಫೋನ್ ಮಾಡಿದರು. "ಟೇಪ್ ಹಿಡಿದು ಅಳೆದೆ ಕಣೋ. ಬಲಗಾಲಿಗಿಂತ ಎಡಗಾಲು ಎರಡು ಇಂಚು ಜಾಸ್ತಿ ಐತಿ."

ಡಾಕ್ಟರುಗಳೂ ಮೊದಲು ಮಾಡುವುದು ಇದೇ ಕೆಲಸ. ಮಂಡಿಯ ಕೆಳಗಿನ ಮೂಳೆಯ ಉಬ್ಬಿನಿಂದ 10 ಸೆಂಟಿಮೀಟರ್ ಕೆಳಗೆ ಎರಡೂ ಮೀನಖಂಡ ಅಳೆಯುತ್ತಾರೆ. 3 ಸೆಂಟಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದಾ ಅಂತ ಅಂದಾಜು ಮಾಡುವ ವೆಲ್ಸ್ ಸ್ಕೋರ್ ಅನ್ನುವ ಲೆಕ್ಕದಲ್ಲಿ ಒಂದು ಅಂಕ. ಕಾಲಿಗೆ ಪ್ಲಾಸ್ಟರ್ ಇತ್ತಾ? ಇನ್ನೊಂದು ಅಂಕ. ಇಡೀ ಕಾಲು ಊದಿದೆಯಾ? ಮತ್ತೊಂದು. ಎರಡು ಅಂಕ ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಸೀದಾ ಡಾಪ್ಲರ್ ಸ್ಕ್ಯಾನಿಗೆ, ಅಂದರೆ ರಕ್ತನಾಳ ನೋಡುವ ಅಲ್ಟ್ರಾಸೌಂಡಿಗೆ, ಕಳಿಸುತ್ತಾರೆ.

ಆ ಸ್ಕ್ಯಾನ್ ನೋಡುವಂಥದ್ದು. ಪರದೆಯ ಮೇಲೆ ಎರಡು ಕಪ್ಪು ವೃತ್ತ ಕಾಣುತ್ತವೆ. ಒಂದು ಅಪಧಮನಿ, ಹೃದಯದಿಂದ ರಕ್ತ ತರುವ ಕೊಳವೆ. ಇನ್ನೊಂದು ಅಭಿಧಮನಿ, ರಕ್ತ ವಾಪಸ್ ಒಯ್ಯುವ ಕೊಳವೆ. ಸ್ಕ್ಯಾನ್ ಮಾಡುವವರು ಪ್ರೋಬ್ ಒತ್ತಿದರೆ ಅಭಿಧಮನಿ ಖಾಲಿ ಬಲೂನಿನ ಹಾಗೆ ಚಪ್ಪಟೆಯಾಗಬೇಕು. ಚಿಕ್ಕಮ್ಮನದ್ದು ಆಗಲಿಲ್ಲ. ಒತ್ತಿದರು, ಇನ್ನೂ ಸ್ವಲ್ಪ ಒತ್ತಿದರು, ವೃತ್ತ ವೃತ್ತವಾಗಿಯೇ ಇತ್ತು. ಒಳಗೆ ಏನೋ ತುಂಬಿಕೊಂಡಿದೆ ಅನ್ನುವುದು ಪಕ್ಕದಲ್ಲಿ ನಿಂತಿದ್ದ ನನಗೂ ಗೊತ್ತಾಯಿತು. ಮಂಡಿಯಿಂದ ತೊಡೆ, ತೊಡೆಸಂದು ದಾಟಿ ಹೊಟ್ಟೆಯ ಕೆಳಭಾಗದವರೆಗೆ ಹೆಪ್ಪು. ಇದಕ್ಕೆ ಡಿವಿಟಿ ಅನ್ನುತ್ತಾರೆ, ಅಂದರೆ ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟುವುದು. ಎಣ್ಣೆ ತಿಕ್ಕಿದ ವಿಷಯ ಹೇಳಿದಾಗ ಡಾಕ್ಟರ ಮುಖ ಬದಲಾಯಿತು. ಯಾಕೆ ಅಂತ ಮುಂದೆ ಹೇಳುತ್ತೇನೆ. ನಾಳಕ್ಕೆ ಸಣ್ಣ ನಳಿಕೆ ತೂರಿಸಿ, ಹೆಪ್ಪಿನ ಜಾಗಕ್ಕೇ ಔಷಧ ಬಿಟ್ಟು ಕರಗಿಸೋಣ ಅಂದರು. ಈ ಬರಹ ಆ ಚಿಕಿತ್ಸೆಯ ಬಗ್ಗೆ.

ಹಾಲಿಗೆ ಹೆಪ್ಪು ಹಾಕಿದ ಮೇಲೆ ಪಾತ್ರೆ ಅಲುಗಾಡಿಸಬೇಡ ಅಂತ ಮನೆಯಲ್ಲಿ ಬೈಸಿಕೊಳ್ಳದವರು ಯಾರಿದ್ದಾರೆ? ಒಳಗಿನ ರಸಾಯನ ಬೇರೆ, ಆದರೆ ಈ ಒಂದು ವಿಷಯದಲ್ಲಿ ರಕ್ತವೂ ಹಾಲಿನ ಹಾಗೇ. ನಿಂತಲ್ಲಿ ಗಟ್ಟಿಯಾಗುವ ಕಡೆ ವಾಲುತ್ತದೆ. ನಡೆಯುವಾಗ ಮೀನಖಂಡದ ಸ್ನಾಯು ಪ್ರತಿ ಹೆಜ್ಜೆಗೂ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಪ್ಲಾಸ್ಟರ್ ಹಾಕಿದರೆ ಆ ಪಂಪು ಬಂದ್. ರಕ್ತ ನಿಲ್ಲುವುದು, ನಾಳದ ಒಳಗೋಡೆಗೆ ಪೆಟ್ಟಾಗುವುದು, ರಕ್ತದಲ್ಲೇ ಹೆಪ್ಪುಗಟ್ಟುವ ಗುಣ ಜಾಸ್ತಿಯಾಗುವುದು, ಈ ಮೂರು ಕಾರಣಗಳನ್ನು ಇವತ್ತಿಗೂ 19ನೇ ಶತಮಾನದ ಜರ್ಮನ್ ವೈದ್ಯ ರುಡಾಲ್ಫ್ ವಿರ್ಕೋ ಹೆಸರಿನಲ್ಲೇ ಹೇಳುತ್ತಾರೆ. ದೊಡ್ಡ ಆಪರೇಷನ್, ಕ್ಯಾನ್ಸರ್, ಬಸುರಿ ಬಾಣಂತಿತನ, ಕೆಲವು ಹಾರ್ಮೋನ್ ಮಾತ್ರೆ, ಗಂಟೆಗಟ್ಟಲೆ ಕದಲದೆ ಕೂತು ಮಾಡುವ ಪ್ರಯಾಣ, ಎಲ್ಲವೂ ಈ ಮೂರರಲ್ಲಿ ಒಂದಕ್ಕೋ ಎರಡಕ್ಕೋ ಸೇರುತ್ತವೆ.

ಹೆಪ್ಪಿನೊಳಗೆ ಏನಿರುತ್ತದೆ? ಫೈಬ್ರಿನೋಜನ್ ಅನ್ನುವ ಪ್ರೋಟೀನು ರಕ್ತದಲ್ಲಿ ಸುಮ್ನೆ ಕರಗಿಕೊಂಡು ಓಡಾಡುತ್ತಿರುತ್ತದೆ. ಥ್ರಾಂಬಿನ್ ಅನ್ನುವ ಕಿಣ್ವ ತಾಗಿದ ಕೂಡಲೇ ಅದು ಎಳೆ ಎಳೆಯಾಗಿ ಫೈಬ್ರಿನ್ ಆಗುತ್ತದೆ. ಆ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗಿ, ಅದರಲ್ಲಿ ಕೆಂಪು ಕಣ, ಪ್ಲೇಟ್‌ಲೆಟ್ ಎಲ್ಲ ಸಿಕ್ಕಿಹಾಕಿಕೊಂಡು ಗಡ್ಡೆಯಾಗುತ್ತದೆ. ಅಂದರೆ ಹೆಪ್ಪನ್ನು ಹಿಡಿದಿಟ್ಟಿರುವುದು ದಾರ. ಇದನ್ನು ಚಿಕ್ಕಮ್ಮನಿಗೆ ಹೇಳಿದಾಗ ಅವರಿಗೆ ತಕ್ಷಣ ಅರ್ಥವಾಯಿತು, ನನಗೇ ತಡವಾಗಿದ್ದು.

ಬಹಳ ಜನ ಎಡವುವುದು ಔಷಧದ ವಿಷಯದಲ್ಲಿ. ಡಿವಿಟಿ ಅಂದ ಕೂಡಲೇ ಹೆಪಾರಿನ್ ಇಂಜೆಕ್ಷನ್ ಶುರು ಮಾಡುತ್ತಾರೆ, ಆಮೇಲೆ ಮಾತ್ರೆ. ಹಳೆಯದು ವಾರ್ಫರಿನ್, ಅಸಿನೊಕೌಮರಾಲ್. ಹೊಸದು ರಿವರೊಕ್ಸಾಬಾನ್, ಅಪಿಕ್ಸಾಬಾನ್. "ರಕ್ತ ತೆಳ್ಳಗೆ ಮಾಡೋ ಮಾತ್ರೆ" ಅಂತ ಎಲ್ಲರೂ ಕರೆಯುವುದು ಇವನ್ನೇ. ಇವು ರಕ್ತವನ್ನು ನೀರು ಮಾಡುವುದೂ ಇಲ್ಲ, ಇರುವ ಹೆಪ್ಪನ್ನು ಕರಗಿಸುವುದೂ ಇಲ್ಲ. ಹೊಸ ದಾರ ಹೆಣೆಯುವುದನ್ನು ತಡೆಯುತ್ತವೆ, ಅಷ್ಟೇ. ಇರುವ ಹೆಪ್ಪನ್ನು ನಮ್ಮ ದೇಹವೇ ವಾರಗಟ್ಟಲೆ, ತಿಂಗಳುಗಟ್ಟಲೆ ತಿಂದು ಮುಗಿಸಬೇಕು. "ಅಂದ್ರೆ ಮಿಷನ್ ನಿಲ್ಸಿದ್ರು, ಹೊಲಿಗೆ ಬಿಚ್ಚಿಲ್ಲ" ಅಂದರು ಚಿಕ್ಕಮ್ಮ. ಇದಕ್ಕಿಂತ ಚೆನ್ನಾಗಿ ಯಾವ ಡಾಕ್ಟರೂ ನನಗೆ ಹೇಳಿರಲಿಲ್ಲ.

ಹೊಲಿಗೆ ಬಿಚ್ಚುವ ಔಷಧಗಳೇ ಬೇರೆ. 1933ರಲ್ಲಿ ಅಮೆರಿಕದ ವಿಲಿಯಂ ಟಿಲೆಟ್ ಒಂದು ಜಾತಿಯ ಬ್ಯಾಕ್ಟೀರಿಯಾ ಮನುಷ್ಯರ ರಕ್ತದ ಹೆಪ್ಪನ್ನು ಕರಗಿಸುತ್ತದೆ ಅಂತ ಗಮನಿಸಿದರು. ಅದರಿಂದ ಬಂದದ್ದು ಸ್ಟ್ರೆಪ್ಟೊಕೈನೇಸ್. ಮನುಷ್ಯರ ಮೂತ್ರದಲ್ಲಿ ಸಿಕ್ಕಿದ್ದು ಯುರೊಕೈನೇಸ್, ಹೆಸರೇ ಹೇಳುತ್ತದೆ. ಆಮೇಲೆ ಜೀನ್ ತಂತ್ರಜ್ಞಾನದಿಂದ ತಯಾರಾದ ಆಲ್ಟೆಪ್ಲೇಸ್, ಹೃದಯಾಘಾತಕ್ಕೆ 1987ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಅದರ ತಮ್ಮ ಟೆನೆಕ್ಟೆಪ್ಲೇಸ್. ಈ ಕೊನೆಯ ಹೆಸರು ನಮ್ಮಲ್ಲಿ ಕೆಲವರು ಕೇಳಿರುತ್ತೀರಿ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಹೃದಯಾಘಾತವಾದವರಿಗೆ ತಾಲೂಕು ಆಸ್ಪತ್ರೆಯಲ್ಲೇ ಉಚಿತವಾಗಿ ಕೊಡುವ ಇಂಜೆಕ್ಷನ್ ಅದೇ.

ಇವೆಲ್ಲ ಮಾಡುವ ಕೆಲಸ ಒಂದೇ. ರಕ್ತದಲ್ಲಿ ಮತ್ತು ಹೆಪ್ಪಿನ ಎಳೆಗಳ ನಡುವೆ ಪ್ಲಾಸ್ಮಿನೋಜನ್ ಅನ್ನುವ ಮಲಗಿದ ಕತ್ತರಿ ಇರುತ್ತದೆ. ಔಷಧ ಅದನ್ನು ಎಬ್ಬಿಸುತ್ತದೆ. ಎದ್ದ ಕತ್ತರಿ, ಅಂದರೆ ಪ್ಲಾಸ್ಮಿನ್, ಫೈಬ್ರಿನ್ ದಾರ ಕತ್ತರಿಸುತ್ತದೆ. ಹಾಗಾದರೆ ಕೈಗೆ ಡ್ರಿಪ್ ಹಾಕಿ ಔಷಧ ಬಿಟ್ಟರೆ ಆಯಿತಲ್ವಾ, ನಳಿಕೆಯ ಗೋಜು ಯಾಕೆ?

ಎರಡು ಕಾರಣ. ಕೈಯಿಂದ ಹೋದ ಔಷಧ ಇಡೀ ದೇಹ ಸುತ್ತುತ್ತದೆ. ಮುಚ್ಚಿಹೋದ ನಾಳದಲ್ಲಿ ರಕ್ತವೇ ಹರಿಯುತ್ತಿಲ್ಲ, ಔಷಧ ಅಲ್ಲಿಗೆ ಹೋಗುವುದು ಹೇಗೆ? ಹೆಪ್ಪಿನ ಅಂಚನ್ನು ಸವರಿಕೊಂಡು ಪಕ್ಕದ ದಾರಿಯಲ್ಲಿ ಹೋಗಿಬಿಡುತ್ತದೆ. ಎರಡನೆಯದು ಇನ್ನೂ ಮುಖ್ಯ. ಕತ್ತರಿಗೆ ಒಳ್ಳೆ ಹೊಲಿಗೆ, ಕೆಟ್ಟ ಹೊಲಿಗೆ ಅಂತ ಭೇದ ಗೊತ್ತಾಗುವುದಿಲ್ಲ. ಮೆದುಳಿನ ಯಾವುದೋ ಸಣ್ಣ ನಾಳದಲ್ಲಿ ಬಿರುಕಿಗೆ ಹಾಕಿದ್ದ ತೇಪೆಯನ್ನೂ ಬಿಚ್ಚಿಬಿಡಬಹುದು. ಶ್ವಾಸಕೋಶಕ್ಕೆ ಹೆಪ್ಪು ಹೋದವರಿಗೆ ಟೆನೆಕ್ಟೆಪ್ಲೇಸ್ ಕೊಟ್ಟು ನೋಡಿದ ಪೈಥೊ ಅಧ್ಯಯನ 2014ರಲ್ಲಿ ಬಂತು. ಸಾವಿರಕ್ಕೂ ಸ್ವಲ್ಪ ಜಾಸ್ತಿ ರೋಗಿಗಳು. ಔಷಧ ಪಡೆದವರಲ್ಲಿ ಶೇ 2ರಷ್ಟು ಮಂದಿಗೆ ಮೆದುಳಲ್ಲಿ ರಕ್ತಸ್ರಾವವಾಯಿತು, ಬರೀ ಹೆಪಾರಿನ್ ಪಡೆದವರಲ್ಲಿ ಶೇ 0.2. ನೂರಕ್ಕೆ ಇಬ್ಬರು ಅಂದರೆ ಕೇಳಲು ಕಡಿಮೆ. ಆ ಇಬ್ಬರಲ್ಲಿ ಒಬ್ಬರು ನಮ್ಮನೆಯವರಾದರೆ ಕಡಿಮೆ ಅಲ್ಲ.

ಔಷಧವನ್ನು ಹೆಪ್ಪಿನೊಳಗೇ ಒಯ್ದು ಬಿಟ್ಟರೆ? ಅಮೆರಿಕದ ಪೋರ್ಟ್‌ಲ್ಯಾಂಡಿನ ಚಾರ್ಲ್ಸ್ ಡಾಟರ್ ಹಾಗೆ ಯೋಚಿಸಿದವರಲ್ಲಿ ಮೊದಲಿಗರು. ಅವರು ಶಸ್ತ್ರಚಿಕಿತ್ಸಕರಾಗಿರಲಿಲ್ಲ, ಎಕ್ಸ್‌ರೇ ನೋಡುವ ರೇಡಿಯಾಲಜಿಸ್ಟ್. ಕಾಲು ಕತ್ತರಿಸಲು ಒಪ್ಪದ 82 ವರ್ಷದ ಅಜ್ಜಿಯೊಬ್ಬರ ಮುಚ್ಚಿದ ಅಪಧಮನಿಯನ್ನು 1964ರ ಜನವರಿಯಲ್ಲಿ ನಳಿಕೆ ತೂರಿಸಿ ತೆರೆದವರು ಇವರೇ. ಇವತ್ತಿನ ಆಂಜಿಯೊಪ್ಲಾಸ್ಟಿಯ ಅಜ್ಜ ಅದು. ಹತ್ತು ವರ್ಷದ ನಂತರ, 1974ರಲ್ಲಿ, ಡಾಟರ್ ಮತ್ತು ಸಂಗಡಿಗರು ನಳಿಕೆಯ ಮೂಲಕ ಹೆಪ್ಪಿನ ಜಾಗಕ್ಕೇ ಸ್ವಲ್ಪ ಸ್ವಲ್ಪ ಸ್ಟ್ರೆಪ್ಟೊಕೈನೇಸ್ ಬಿಟ್ಟು ಕರಗಿಸಿದ ವರದಿ ಪ್ರಕಟಿಸಿದರು.

ಡೋಸಿನ ವ್ಯತ್ಯಾಸ ನೋಡಿ. ಶ್ವಾಸಕೋಶದ ದೊಡ್ಡ ಹೆಪ್ಪಿಗೆ ಕೈಯ ಮೂಲಕ ಆಲ್ಟೆಪ್ಲೇಸ್ ಕೊಟ್ಟರೆ ಎರಡು ಗಂಟೆಯಲ್ಲಿ 100 ಮಿಲಿಗ್ರಾಂ. ನಳಿಕೆಯ ಮೂಲಕವಾದರೆ ಸಾಮಾನ್ಯವಾಗಿ ಗಂಟೆಗೆ 1 ಮಿಲಿಗ್ರಾಂ ಆಸುಪಾಸು, ಇಡೀ ರಾತ್ರಿ ಬಿಟ್ಟರೂ ಇಪ್ಪತ್ತು ಚಿಲ್ಲರೆ ದಾಟುವುದು ಕಡಿಮೆ. ಅಷ್ಟೇ ಅಲ್ಲ, ಆಲ್ಟೆಪ್ಲೇಸ್ ರಕ್ತದಲ್ಲಿ ಐದು ನಿಮಿಷದೊಳಗೆ ಅರ್ಧ ಖಾಲಿಯಾಗುತ್ತದೆ. ಹೆಪ್ಪಿನೊಳಗೆ ಕೆಲಸ ಮಾಡಿ ಹೊರಗೆ ಬಂದದ್ದು ದೇಹ ಸುತ್ತುವಷ್ಟರಲ್ಲಿ ಬಹುಪಾಲು ಇಲ್ಲವಾಗಿರುತ್ತದೆ. ಇಡೀ ಚಿಕಿತ್ಸೆ ನಿಂತಿರುವುದು ಈ ಲೆಕ್ಕದ ಮೇಲೆ.

ಚಿಕ್ಕಮ್ಮನನ್ನು ಕ್ಯಾತ್ ಲ್ಯಾಬಿಗೆ, ಅಂದರೆ ಎಕ್ಸ್‌ರೇ ನೋಡಿಕೊಂಡು ನಾಳಕ್ಕೆ ನಳಿಕೆ ಹಾಕುವ ಕೋಣೆಗೆ, ಕರೆದುಕೊಂಡು ಹೋದದ್ದು ಮಧ್ಯಾಹ್ನ. ಬೋರಲು ಮಲಗಿಸಿದರು. ಪ್ರಜ್ಞೆ ತಪ್ಪಿಸುವುದಿಲ್ಲ, ಮಂಡಿಯ ಹಿಂದೆ ಚರ್ಮಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಅಷ್ಟೇ. ಅಲ್ಟ್ರಾಸೌಂಡ್ ನೋಡಿಕೊಂಡು ಮಂಡಿಯ ಹಿಂದಿನ ಅಭಿಧಮನಿಗೆ ಸೂಜಿ ಚುಚ್ಚುತ್ತಾರೆ. ಸೂಜಿಯೊಳಗಿಂದ ಒಂದು ತಂತಿ, ಒಂದು ಮಿಲಿಮೀಟರಿಗಿಂತ ತೆಳು. ಸೂಜಿ ತೆಗೆದು ತಂತಿ ಅಲ್ಲೇ ಬಿಟ್ಟು, ತಂತಿಯ ಮೇಲೆ ನಳಿಕೆ ಪೋಣಿಸುತ್ತಾರೆ. ಲಾಡಿ ಹಾಕಿದ ಹಾಗೆ ಅಂದುಕೊಳ್ಳಿ, ಪಿನ್ನು ಮುಂದೆ ಹೋಗುತ್ತದೆ, ಲಾಡಿ ಹಿಂದೆ ಬರುತ್ತದೆ. ಸ್ವೀಡನ್ನಿನ ಸ್ವೆನ್ ಇವಾರ್ ಸೆಲ್ಡಿಂಗರ್ 1953ರಲ್ಲಿ ಪ್ರಕಟಿಸಿದ ಉಪಾಯ ಇದು. ಇವತ್ತು ಜಗತ್ತಿನ ಯಾವ ಕ್ಯಾತ್ ಲ್ಯಾಬಿಗೆ ಹೋದರೂ ದಿನಾ ಇದೇ ನಡೆಯುತ್ತದೆ.

ನಳಿಕೆಯ ದಪ್ಪ ಬಾಲ್‌ಪೆನ್ ರೀಫಿಲ್‌ಗಿಂತ ಕಡಿಮೆ. ಐದು ಫ್ರೆಂಚ್ ಅನ್ನುತ್ತಾರೆ, ಒಂದು ಫ್ರೆಂಚ್ ಅಂದರೆ ಮಿಲಿಮೀಟರಿನ ಮೂರನೇ ಒಂದು ಭಾಗ. ವಿಶೇಷ ಇರುವುದು ಅದರ ಮೈಯಲ್ಲಿ. ತುದಿಯ ಕಡೆಯ ಒಂದಷ್ಟು ಉದ್ದಕ್ಕೆ ಸಾಲಾಗಿ ಸಣ್ಣ ಸಣ್ಣ ತೂತುಗಳು. ತೋಟದಲ್ಲಿ ಹನಿ ನೀರಾವರಿ ಪೈಪು ಹಾಕಿರುತ್ತಾರಲ್ಲ, ಹಾಗೇ. ಬಣ್ಣದ ದ್ರವ ಬಿಟ್ಟು ಎಕ್ಸ್‌ರೇಯಲ್ಲಿ ಹೆಪ್ಪು ಎಲ್ಲಿಂದ ಎಲ್ಲಿಯವರೆಗಿದೆ ನೋಡಿ, ಆ ಉದ್ದಕ್ಕೆ ತಕ್ಕ ತೂತಿನ ನಳಿಕೆಯನ್ನು ಹೆಪ್ಪಿನ ನಡುವೆಯೇ ಕೂರಿಸುತ್ತಾರೆ. ಆಮೇಲೆ ಪಂಪಿಗೆ ಜೋಡಿಸಿದರೆ ಹನಿ ಹನಿಯಾಗಿ ಔಷಧ ಇಳಿಯುತ್ತದೆ. ಒಂದೂ ಹೊಲಿಗೆ ಇಲ್ಲ, ಕೊಯ್ದ ಗಾಯ ಇಲ್ಲ.

ನನಗೆ ಆತಂಕದ ಭಾಗ ಶುರುವಾದದ್ದು ಆಮೇಲೆ. ಐಸಿಯುನಲ್ಲಿ ಒಂದು ರಾತ್ರಿ, ಕೆಲವರಿಗೆ ಎರಡು. ಕಾಲು ಮಡಚುವ ಹಾಗಿಲ್ಲ. ನರ್ಸ್ ಆಗಾಗ ಬಂದು ತಲೆನೋವು ಇದೆಯಾ, ಮಾತು ತೊದಲುತ್ತಿದೆಯಾ, ಕೈ ಎತ್ತಿ ನೋಡೋಣ ಅಂತ ಕೇಳುತ್ತಾರೆ. ಮೆದುಳಿನಲ್ಲಿ ರಕ್ತಸ್ರಾವ ಶುರುವಾದರೆ ಮೊದಲು ಗೊತ್ತಾಗುವುದು ಹಾಗೆ. ಕೆಲವು ಗಂಟೆಗೊಮ್ಮೆ ರಕ್ತ ತೆಗೆದು ಹಿಮೋಗ್ಲೋಬಿನ್, ಫೈಬ್ರಿನೋಜನ್ ನೋಡುತ್ತಾರೆ. ಫೈಬ್ರಿನೋಜನ್ ತೀರಾ ಇಳಿದರೆ ಕತ್ತರಿ ಹೆಪ್ಪು ಬಿಟ್ಟು ಊರೆಲ್ಲ ಓಡಾಡುತ್ತಿದೆ ಅಂತ ಅರ್ಥ, ಔಷಧ ಕಡಿಮೆ ಮಾಡುತ್ತಾರೆ ಇಲ್ಲವೇ ನಿಲ್ಲಿಸುತ್ತಾರೆ. ಕೊಳಕುಮಂಡಲ ಹಾವು ಕಚ್ಚಿದವರ ರಕ್ತವನ್ನು ಗಾಜಿನ ಕೊಳವೆಯಲ್ಲಿ 20 ನಿಮಿಷ ಇಟ್ಟು ಹೆಪ್ಪಾಗುತ್ತದಾ ಅಂತ ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ನೋಡುತ್ತಾರಲ್ಲ, ಅಲ್ಲೂ ಕಥೆ ಇದೇ. ವಿಷ ಫೈಬ್ರಿನೋಜನ್ ಎಲ್ಲ ಖರ್ಚು ಮಾಡಿಬಿಟ್ಟಿರುತ್ತದೆ, ಹೆಪ್ಪಾಗಲು ದಾರವೇ ಉಳಿದಿರುವುದಿಲ್ಲ.

ಮಾರನೇ ದಿನ ಮತ್ತೆ ಬಣ್ಣ ಬಿಟ್ಟು ನೋಡಿದರು. ಹಿಂದಿನ ದಿನ ಚಿತ್ರದಲ್ಲಿ ತೊಡೆಯಲ್ಲಿ ಜೇಡರ ಬಲೆಯಂಥ ಪಕ್ಕದ ದಾರಿಗಳು ಮಾತ್ರ ಕಂಡಿದ್ದವು, ಈಗ ನಡುವೆ ಒಂದು ದಪ್ಪ ಕಪ್ಪು ಗೆರೆ. ನಾಳ ತೆರೆದಿತ್ತು. ಆದರೆ ಹೊಟ್ಟೆಯ ಕೆಳಗೆ ಒಂದು ಕಡೆ ಗೆರೆ ಸಣ್ಣಗಾಗಿತ್ತು. ಕಾರಣ ನಮ್ಮೆಲ್ಲರ ದೇಹದ ವಿನ್ಯಾಸದಲ್ಲೇ ಇದೆ. ಬಲಗಾಲಿಗೆ ಹೋಗುವ ಅಪಧಮನಿ ಎಡಗಾಲಿನ ಅಭಿಧಮನಿಯ ಮೇಲೆ ದಾಟಿ ಹೋಗುತ್ತದೆ, ಕೆಳಗೆ ಬೆನ್ನುಮೂಳೆ. ನಡುವೆ ಸಿಕ್ಕಿದ ಅಭಿಧಮನಿ ಕೆಲವರಲ್ಲಿ ಜಜ್ಜಿಹೋಗಿರುತ್ತದೆ. ಮೇ ಮತ್ತು ಥರ್ನರ್ ಅನ್ನುವ ಇಬ್ಬರು ಇದನ್ನು 1957ರಲ್ಲಿ ವಿವರಿಸಿದರು, ಹಾಗಾಗಿ ಮೇ ಥರ್ನರ್ ಸಿಂಡ್ರೋಮ್. ಡಿವಿಟಿ ಎಡಗಾಲಲ್ಲೇ ಜಾಸ್ತಿ ಕಾಣುವುದಕ್ಕೆ ಇದೊಂದು ಕಾರಣ. ಹೆಪ್ಪು ಕರಗಿಸಿ ಈ ಇಕ್ಕಟ್ಟನ್ನು ಹಾಗೇ ಬಿಟ್ಟರೆ ಮತ್ತೆ ಕಟ್ಟಿಕೊಳ್ಳಬಹುದು ಅಂತ ಅಲ್ಲೊಂದು ಸ್ಟೆಂಟ್ ಹಾಕಿದರು.

ಇಷ್ಟು ಓದಿದರೆ ಡಿವಿಟಿ ಬಂದವರಿಗೆಲ್ಲ ಇದನ್ನೇ ಮಾಡಬಹುದಲ್ಲ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ಆ ಚಿತ್ರ ನೋಡಿದರೆ ಯಾರಿಗಾದರೂ ಹಾಗೇ ಅನ್ನಿಸಬೇಕು. ಸಮಸ್ಯೆ ಏನೆಂದರೆ, ಚಿತ್ರ ಚೆನ್ನಾಗಿ ಬಂದ ಮಾತ್ರಕ್ಕೆ ಎರಡು ವರ್ಷದ ಮೇಲೆ ಕಾಲು ಚೆನ್ನಾಗಿರುತ್ತದೆ ಅಂತ ಇಲ್ಲ.

ಕಾಲಿನ ಅಭಿಧಮನಿಗಳ ಒಳಗೆ ರಕ್ತ ಕೆಳಕ್ಕೆ ಜಾರದಂತೆ ಕವಾಟಗಳಿರುತ್ತವೆ. ಹೆಪ್ಪು ಕೂತಲ್ಲಿ ಅವು ಹಾಳಾಗುತ್ತವೆ. ಆಮೇಲೆ ಕಾಲು ಸಂಜೆಯಾದರೆ ಊದುವುದು, ಭಾರ, ಹರಡಿನ ಸುತ್ತ ಚರ್ಮ ಕಪ್ಪಾಗುವುದು, ಕೆಲವರಿಗೆ ವಾಸಿಯಾಗದ ಹುಣ್ಣು. ನಳಿಕೆ ಚಿಕಿತ್ಸೆಯ ದೊಡ್ಡ ಆಸೆ ಇದನ್ನು ತಪ್ಪಿಸುವುದೇ ಆಗಿತ್ತು. ನಾರ್ವೆಯ ಕಾವೆಂಟ್ ಅಧ್ಯಯನ 2012ರಲ್ಲಿ ಆಸೆಗೆ ಬಲ ಕೊಟ್ಟಿತು. ಎರಡು ವರ್ಷದ ಮೇಲೆ ಈ ತೊಂದರೆ ಬರೀ ಮಾತ್ರೆಯವರಲ್ಲಿ ಶೇ 55.6, ನಳಿಕೆಯವರಲ್ಲಿ ಶೇ 41.1. ಆಮೇಲೆ 2017ರಲ್ಲಿ ಅಮೆರಿಕದಲ್ಲಿ ಸುರೇಶ್ ವೇದಾಂತಂ ನೇತೃತ್ವದ ಅಟ್ರ್ಯಾಕ್ಟ್ ಅಧ್ಯಯನ ಬಂತು, 692 ರೋಗಿಗಳು. ನಳಿಕೆಯವರಲ್ಲಿ ಶೇ 47, ಮಾತ್ರೆಯವರಲ್ಲಿ ಶೇ 48. ಅಂದರೆ ವ್ಯತ್ಯಾಸವೇ ಇಲ್ಲ. ಮೊದಲ ಹತ್ತು ದಿನದ ದೊಡ್ಡ ರಕ್ತಸ್ರಾವ ಮಾತ್ರ ಶೇ 0.3ರಿಂದ 1.7ಕ್ಕೆ ಏರಿತ್ತು. ಈ ಚಿಕಿತ್ಸೆ ಮಾಡುವ ಡಾಕ್ಟರುಗಳೇ ನಡೆಸಿದ ಅಧ್ಯಯನ ಅವರ ಆಸೆಗೇ ತಣ್ಣೀರು ಎರಚಿತು, ಅವರು ಅದನ್ನು ಹಾಗೇ ಪ್ರಕಟಿಸಿದರು. ನನಗೆ ಇದು ಇಡೀ ಕಥೆಯಲ್ಲೇ ಹಿಡಿಸಿದ ಭಾಗ.

ಆದರೆ ಒಳಗೆ ಇಣುಕಿದರೆ ಇನ್ನೊಂದು ವಿಷಯ ಇದೆ. ತೊಂದರೆ ಮಧ್ಯಮದಿಂದ ತೀವ್ರ ಮಟ್ಟದಲ್ಲಿದ್ದವರನ್ನಷ್ಟೇ ಲೆಕ್ಕ ಹಾಕಿದರೆ ಮಾತ್ರೆಯವರಲ್ಲಿ ಶೇ 24, ನಳಿಕೆಯವರಲ್ಲಿ ಶೇ 18. ಹೆಪ್ಪು ತೊಡೆಸಂದಿನ ಮೇಲಕ್ಕೂ ಹೋದವರಿಗೆ ಲಾಭ ಸ್ವಲ್ಪ ಹೆಚ್ಚು ಕಂಡಿತು, ತೊಡೆಯಲ್ಲಷ್ಟೇ ಇದ್ದವರಿಗೆ ಏನೂ ಇಲ್ಲ. ಹಾಗಾಗಿ ಈಗ ಡಾಕ್ಟರುಗಳು ಆರಿಸುತ್ತಾರೆ. ಹೆಪ್ಪು ಮೇಲಿನವರೆಗೆ ಇರಬೇಕು. ಹೊಸದಾಗಿರಬೇಕು, ಹೆಚ್ಚು ಅಂದರೆ ಎರಡು ವಾರ. ಹಳೆಯದಾದರೆ ಫೈಬ್ರಿನ್ ಜಾಗಕ್ಕೆ ಕೊಲಾಜನ್ ಅನ್ನುವ ಗಟ್ಟಿ ನಾರು ಬಂದು ಹೆಪ್ಪು ಗಾಯದ ಕಲೆಯ ಹಾಗೆ ಗೋಡೆಗೆ ಅಂಟಿಕೊಳ್ಳುತ್ತದೆ, ಅದನ್ನು ಈ ಕತ್ತರಿ ಮುಟ್ಟುವುದಿಲ್ಲ. ರೋಗಿ ಓಡಾಡಿಕೊಂಡಿರುವವರಾಗಿರಬೇಕು, ರಕ್ತಸ್ರಾವದ ಅಪಾಯ ಕಡಿಮೆ ಇರಬೇಕು. ಹಿಂದೆ ಮೆದುಳಲ್ಲಿ ರಕ್ತಸ್ರಾವ ಆದವರು, ಹೊಟ್ಟೆಯಲ್ಲಿ ರಕ್ತ ಸೋರುತ್ತಿರುವವರು, ಇತ್ತೀಚೆಗೆ ದೊಡ್ಡ ಆಪರೇಷನ್ ಆದವರಿಗೆ ಬೇಡ. ಇಡೀ ಕಾಲು ನೀಲಿಯಾಗಿ ವಿಪರೀತ ನೋವು ಬಂದರೆ ಮಾತ್ರ ಲೆಕ್ಕವೇ ಬೇರೆ, ಅಲ್ಲಿ ಕಾಲನ್ನೇ ಉಳಿಸಿಕೊಳ್ಳಬೇಕು, ತುರ್ತು. ಉಳಿದ ಬಹುಪಾಲು ಜನಕ್ಕೆ ಮಾತ್ರೆಯೇ ಸರಿಯಾದ ಚಿಕಿತ್ಸೆ, ಅವರಿಗೆ ಏನೋ ಕಡಿಮೆ ಮಾಡಿದರು ಅಂತ ಮನೆಯವರು ಕೊರಗಬೇಕಾಗಿಲ್ಲ.

ಎಣ್ಣೆ ವಿಷಯಕ್ಕೆ ಬರುತ್ತೇನೆ. ಹೊಸ ಹೆಪ್ಪು ಸಡಿಲವಾಗಿರುತ್ತದೆ. ಗಟ್ಟಿಯಾಗಿ ತಿಕ್ಕಿದರೆ ಒಂದು ತುಂಡು ಕಳಚಿ ಹೊಟ್ಟೆಯ ದೊಡ್ಡ ಅಭಿಧಮನಿ, ಹೃದಯದ ಬಲಭಾಗ ದಾಟಿ ಶ್ವಾಸಕೋಶದ ನಾಳದಲ್ಲಿ ಸಿಕ್ಕಿಹಾಕಿಕೊಳ್ಳಬಹುದು. ಕಾಲಿನಲ್ಲಿ ಕೂತಿದ್ದಾಗ ಕಾಲಿನ ಕಾಯಿಲೆ, ಅಲ್ಲಿಗೆ ಹೋದರೆ ಜೀವದ ಪ್ರಶ್ನೆ. ಇದ್ದಕ್ಕಿದ್ದಂತೆ ಏದುಸಿರು, ಉಸಿರೆಳೆದಾಗ ಎದೆನೋವು, ಕೆಮ್ಮಿದರೆ ರಕ್ತ, ತಲೆಸುತ್ತಿ ಬೀಳುವುದು, ಇದರಲ್ಲಿ ಯಾವುದು ಬಂದರೂ ಆಂಬುಲೆನ್ಸಿಗೆ 108. ಒಂದೇ ಕಾಲು ಊದಿದರೆ ತಿಕ್ಕಬೇಡಿ, ಮೊದಲು ಡಾಪ್ಲರ್ ಮಾಡಿಸಿ.

ಶ್ವಾಸಕೋಶಕ್ಕೆ ಹೋದ ಹೆಪ್ಪಿಗೂ ಈಗ ನಳಿಕೆ ಹಾಕುತ್ತಾರೆ, ತೊಡೆಸಂದಿನಿಂದಲೋ ಕುತ್ತಿಗೆಯಿಂದಲೋ. ಬಿಪಿ ಕುಸಿದು ಕೈಮೀರುತ್ತಿರುವವರಿಗೆ ಇಡೀ ದೇಹಕ್ಕೆ ಔಷಧ ಕೊಡುವುದೇ ಇನ್ನೂ ಮೊದಲ ಆಯ್ಕೆ, ಯಾಕೆಂದರೆ ಅವರಿಗೆ ಕಾಯುವಷ್ಟು ಸಮಯ ಇರುವುದಿಲ್ಲ. ಬಿಪಿ ಸರಿ ಇದ್ದು ಹೃದಯದ ಬಲಭಾಗ ಮಾತ್ರ ಸೋಲುತ್ತಿರುವ ಮಧ್ಯದ ಗುಂಪಿನ ಬಗ್ಗೆ ಡಾಕ್ಟರುಗಳ ನಡುವೆ ಚರ್ಚೆ ಜಾಸ್ತಿ. ಔಷಧವೇ ಇಲ್ಲದೆ ಹೆಪ್ಪನ್ನು ಹೀರಿ ತೆಗೆಯುವ ದಪ್ಪ ನಳಿಕೆಗಳೂ ಬಂದಿವೆ. ಕಾಲಿಗೆ ಬಳಸುವ ಒಂದು ಬಗೆಯಲ್ಲಿ ಜೋರಾಗಿ ಸಲೈನ್ ಚಿಮ್ಮಿಸಿ ಹೆಪ್ಪು ಪುಡಿ ಮಾಡಿ ಹೀರುತ್ತಾರೆ. ಆ ರಭಸಕ್ಕೆ ಕೆಂಪು ಕಣಗಳೂ ಒಡೆಯುತ್ತವೆ, ಮೂತ್ರ ಕೆಂಪಾಗಬಹುದು. ಮೊದಲೇ ಹೇಳದಿದ್ದರೆ ರೋಗಿ ಹೆದರಿಬಿಡುತ್ತಾರೆ.

ಖರ್ಚಿನ ಬಗ್ಗೆ ಒಂದು ಮಾತು. ನಳಿಕೆ, ಔಷಧ, ಐಸಿಯು, ಸ್ಟೆಂಟ್ ಎಲ್ಲ ಬೇರೆ ಬೇರೆ ಬಿಲ್ಲಾಗಿ ಬರುತ್ತವೆ. ಮೊದಲೇ ಅಂದಾಜು ಬರೆಸಿಕೊಳ್ಳಿ. ಹಾಗೆಯೇ ಹೆಪ್ಪು ಎಲ್ಲಿಯವರೆಗಿದೆ, ಎಷ್ಟು ದಿನದ್ದು, ಬರೀ ಮಾತ್ರೆ ಕೊಟ್ಟರೆ ಏನಾಗುತ್ತದೆ ಅಂತ ಕೇಳಿ. ಚಿಕ್ಕಮ್ಮನಿಗೆ ಮಾಡಿದ ಡಾಕ್ಟರು ಮೂರನೇ ಪ್ರಶ್ನೆಗೆ ಕಾಲು ಗಂಟೆ ಕೂತು ಉತ್ತರ ಹೇಳಿದರು.

ನಳಿಕೆ ತೆಗೆದ ಮೇಲೂ ಮಾತ್ರೆ ಬಿಡುವ ಹಾಗಿಲ್ಲ, ಕಡಿಮೆ ಅಂದರೂ ಮೂರು ತಿಂಗಳು, ಕೆಲವರಿಗೆ ಇನ್ನೂ ಜಾಸ್ತಿ. ಚಿಕ್ಕಮ್ಮ ಮಾತ್ರೆ ಡಬ್ಬವನ್ನು ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿ ದಾರದುಂಡೆಗಳ ಪಕ್ಕ ಇಟ್ಟುಕೊಂಡಿದ್ದರು. ಅಳತೆ ಪುಸ್ತಕದಲ್ಲಿ ಗಿರಾಕಿಗಳ ಎದೆ, ಸೊಂಟ, ತೋಳಿನ ಅಳತೆಗಳ ಕೊನೆಗೆ ಒಂದು ಪುಟ ತಮಗೇ ಅಂತ ಮೀಸಲಿಟ್ಟು ಪ್ರತಿ ಭಾನುವಾರ ಎರಡೂ ತೊಡೆ ಅಳೆದು ಬರೆಯುತ್ತಿದ್ದರು. ಕಳೆದ ಸಲ ಹೋದಾಗ ತೋರಿಸಿದರು. ಎಡ 20 ಮುಕ್ಕಾಲು, ಬಲ 20 ಕಾಲು. "ಈ ಅರ್ಧ ಇಂಚು ಹೋಗಂಗಿಲ್ಲ ಅಂತ ಕಾಣ್ತೈತಿ ಕಣೋ" ಅಂದು ಪುಸ್ತಕ ಮುಚ್ಚಿ, ಯಾರದ್ದೋ ಬ್ಲೌಸಿಗೆ ಹುಕ್ಕು ಹಾಕಲು ಕೂತರು.